ಫ್ರೇಮು ಇರಲಿ, ಮೊದಲು ಟೈರು ನೋಡಿ

ಗಂಗಾವತಿ ದಾಟಿ ಕಾರಟಗಿ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ಊರು ಸಿದ್ದಾಪುರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಂಡ ನೆಲ ಇದು. ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆ, ನಡುನಡುವೆ ರೈಸ್ ಮಿಲ್ಲುಗಳ ಚಿಮಣಿ, ಕಣ್ಣು ಹಾಯುವಷ್ಟು ದೂರ ಸಪಾಟು. ಸೈಕಲ್ ತುಳಿಯುವವರಿಗೆ ಘಾಟಿಯ ಕಷ್ಟ ಇಲ್ಲಿಲ್ಲ. ಆದರೆ ಸುಗ್ಗಿ ಬಂತೆಂದರೆ ಇದೇ ಡಾಂಬರು ರಸ್ತೆ ಅರ್ಧ ಕಣವಾಗುತ್ತದೆ. ಭತ್ತ ಒಣಹಾಕಿ, ಗಾಡಿಗಳು ಹತ್ತದಿರಲೆಂದು ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ನಾಟಿ ಕಾಲಕ್ಕೆ ಕೆಸರು ಗದ್ದೆಯಿಂದ ಕಬ್ಬಿಣದ ಗಾಲಿ ಸಮೇತ ಮೇಲೆ ಬರುವ ಟ್ರ್ಯಾಕ್ಟರುಗಳು ಡಾಂಬರಿಗೆ ಗೀರು ಹಾಕುತ್ತವೆ, ಕೆಸರಿನ ಹೆಂಟೆ ಉದುರಿಸುತ್ತವೆ. ಬಿಸಿಲಿಗೆ ಆ ಹೆಂಟೆ ಕಲ್ಲಾಗುತ್ತದೆ. ಕಾಲುವೆ ಏರಿಯ ಪಕ್ಕ ಬಳ್ಳಾರಿ ಜಾಲಿಯ ಮುಳ್ಳು, ಮಣ್ಣು ರಸ್ತೆಗೆ ಇಳಿದರೆ ನೆಗ್ಗಿನ ಮುಳ್ಳು. ಇಂಥ ರಸ್ತೆಯಲ್ಲಿ ಓಡಾಡಲು ಅಲ್ಯೂಮಿನಿಯಂ ಫ್ರೇಮಿನ ರೋಡ್ ಸೈಕಲ್ ಕೊಂಡವರು ಅದನ್ನು ಸುಧಾರಿಸಲು ಎಲ್ಲಿ ಹಣ ಹಾಕಬೇಕು ಎಂಬುದು ಈ ಲೇಖನದ ಪ್ರಶ್ನೆ. ನನ್ನ ಉತ್ತರ ಇಷ್ಟು: ಫ್ರೇಮು ಈ ಸೈಕಲ್ಲಿನ ಬಲಹೀನ ಭಾಗ ಅಲ್ಲವೇ ಅಲ್ಲ. ತೂಕ ಇಳಿಸುವ ಆಸೆಗೆ ಖರ್ಚು ಮಾಡುವ ರೂಪಾಯಿ ಇಲ್ಲಿ ಹೆಚ್ಚುಕಡಿಮೆ ದಂಡ. ರಸ್ತೆಗೆ ತಾಗುವ ಟೈರು, ಮೈಗೆ ತಾಗುವ ಸೀಟು ಮತ್ತು ಹ್ಯಾಂಡಲ್, ದಿನವೂ ಸವೆಯುವ ಚೈನು, ನಂಬಬೇಕಾದ ಬ್ರೇಕು, ಇವುಗಳಿಗೆ ಹಾಕಿದ ಹಣ ಮಾತ್ರ ತುಳಿದಷ್ಟೂ ದಿನ ಮರಳಿ ಬರುತ್ತದೆ.

ಬೈಕ್ ಎಂದರೆ ನಮ್ಮಲ್ಲಿ ಮೋಟಾರ್ ಸೈಕಲ್ಲೇ. ಆದ್ದರಿಂದ ರೋಡ್ ಬೈಕ್ ಎಂಬ ಅಂಗಡಿ ಮಾತು ಬಿಟ್ಟು ರೋಡ್ ಸೈಕಲ್ ಎನ್ನೋಣ. ಹಳ್ಳಿಯಲ್ಲಿ ಇದನ್ನೇ ರೇಸ್ ಸೈಕಲ್, ಗೇರ್ ಸೈಕಲ್ ಎನ್ನುತ್ತಾರೆ. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, ತೆಳುವಾದ ಟೈರು, ಹತ್ತು–ಹನ್ನೊಂದು ಕಿಲೋ ತೂಕ. ಡೆಕಥ್ಲಾನಿನ ಟ್ರೈಬನ್, ಚೆನ್ನೈನ ಟಿಐ ಸೈಕಲ್ಸ್‌ನ ಮೊಂಟ್ರಾ, ವಿದೇಶಿ ಹೆಸರುಗಳಾದ ಜೈಂಟ್, ಸ್ಕಾಟ್, ಟ್ರೆಕ್, ಹೀಗೆ ನಮ್ಮ ಪೇಟೆಯಲ್ಲಿ ಮೊದಲ ಮೆಟ್ಟಿಲಿನ ರೋಡ್ ಸೈಕಲ್ ಕೇಳಿದರೆ ಕೈಗೆ ಬರುವುದು ಬಹುತೇಕ ಅಲ್ಯೂಮಿನಿಯಂ ಫ್ರೇಮಿನದೇ. ಕೊಂಡವರಿಗೆ ಸ್ವಲ್ಪ ದಿನದಲ್ಲೇ ಒಂದು ಕೀಳರಿಮೆ ಅಂಟಿಕೊಳ್ಳುತ್ತದೆ: ಕಾರ್ಬನ್ ಫ್ರೇಮಿನದು ಶ್ರೇಷ್ಠ, ತಮ್ಮದು ಬಡವರ ಪಾಲಿನದು. ಇನ್ನೊಂದು ಕಡೆಯಿಂದ ಮನೆಯ ಹಿರಿಯರ ಅನುಮಾನ. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ ಉಕ್ಕಿನ ಸೈಕಲ್ಲು ಕಾಣದ ಹಳ್ಳಿಯ ಓಣಿ ಉಳಿಯಲಿಲ್ಲ. ಅದಕ್ಕೂ ಹಿಂದೆ ಅಟ್ಲಾಸ್, ಹರ್ಕ್ಯುಲಿಸ್, ಹೀರೋಗಳು ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ತಿರುಗಿದವು. ಸೈಕಲ್ಲು ಗಟ್ಟಿ ಎಂದರೆ ಉಕ್ಕಿನದು ಎಂಬ ನಂಬಿಕೆ ಅಲ್ಲಿಂದ ಬಂದದ್ದು. ಪಾತ್ರೆಯ ಲೋಹದಲ್ಲಿ ಮಾಡಿದ ಸೈಕಲ್ಲು ಎಷ್ಟು ದಿನ ಬಾಳೀತು ಎಂಬ ಪ್ರಶ್ನೆ ಅವರದು. ಎರಡು ಅನುಮಾನಕ್ಕೂ ಉತ್ತರ ಲೋಹದ ಗುಣದಲ್ಲೇ ಇದೆ.

ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದರಷ್ಟು ಮಾತ್ರ ಭಾರ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ. ಆದರೆ ಬಾಗದೆ ನಿಲ್ಲುವ ಬಿಗುವೂ ಉಕ್ಕಿನ ಮೂರನೇ ಒಂದರಷ್ಟೇ. ಇಲ್ಲಿಗೆ ನಿಲ್ಲಿಸಿದರೆ ಲಾಭ ಏನೂ ಇಲ್ಲ. ಲೆಕ್ಕ ಬದಲಾಗುವುದು ಕೊಳವೆಯ ಆಕಾರದಲ್ಲಿ. ತೆಳು ಗೋಡೆಯ ಕೊಳವೆಯೊಂದರ ಅಗಲವನ್ನು ಒಂದೂವರೆ ಪಟ್ಟು ಮಾಡಿ ಗೋಡೆಯ ದಪ್ಪ ಅಷ್ಟೇ ಇಟ್ಟರೆ ಅದರ ಬಿಗುವು ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ, ತೂಕ ಏರುವುದು ಒಂದೂವರೆ ಪಟ್ಟು ಮಾತ್ರ. ಅಂದರೆ ಅಗಲ ಕೊಳವೆಯ ಅಲ್ಯೂಮಿನಿಯಂ ಫ್ರೇಮು ಉಕ್ಕಿನ ಫ್ರೇಮಿನಷ್ಟೇ ಬಿಗಿಯಾಗಿದ್ದು ಹತ್ತಿರ ಹತ್ತಿರ ಅರ್ಧ ತೂಕಕ್ಕೆ ಬರುತ್ತದೆ. ಇಂಥ ಸೈಕಲ್ಲಿನ ಕೊಳವೆಗಳು ದಪ್ಪದಪ್ಪಗೆ ಕಾಣುವುದಕ್ಕೆ ಕಾರಣ ಇದು. ಅಮೆರಿಕದ ಎಂಐಟಿಯಲ್ಲಿ 1970ರ ದಶಕದಲ್ಲಿ ಗ್ಯಾರಿ ಕ್ಲೈನ್ ಈ ದಾರಿ ಹಿಡಿದರು; 1983ರಲ್ಲಿ ಕ್ಯಾನನ್‌ಡೇಲ್ ಕಂಪನಿ ದಪ್ಪ ಕೊಳವೆಯ ಅಲ್ಯೂಮಿನಿಯಂ ಸೈಕಲ್ಲನ್ನು ಮಾರಾಟಕ್ಕೆ ತಂದಿತು. 1998ರ ಟೂರ್ ದ ಫ್ರಾನ್ಸ್‌ನಲ್ಲಿ ಇಟಲಿಯ ಮಾರ್ಕೊ ಪಂತಾನಿ ಗೆದ್ದದ್ದು ಅಲ್ಯೂಮಿನಿಯಂ ಬಿಯಾಂಕಿ ಮೇಲೆ. ಆಲ್ಪ್ಸ್ ಪರ್ವತದ ಏರನ್ನು ಹತ್ತಿ ಗೆದ್ದ ಲೋಹ ಗಂಗಾವತಿ ರಸ್ತೆಗೆ ಸಾಲದು ಎನ್ನುವುದಕ್ಕೆ ಆಧಾರ ಇಲ್ಲ. ಪಾತ್ರೆಯ ಲೋಹ ಎಂಬ ಮಾತೂ ಅಷ್ಟು ಸರಿಯಲ್ಲ. ಪಾತ್ರೆಗೆ ಬಳಸುವುದು ಮೆತ್ತನೆಯ ಅಲ್ಯೂಮಿನಿಯಂ. ಫ್ರೇಮಿಗೆ ಬೇಕಾದದ್ದು ಮೆಗ್ನೀಸಿಯಂ, ಸಿಲಿಕಾನ್ ಬೆರೆಸಿದ 6061 ಅಥವಾ ಸತು ಬೆರೆಸಿದ 7005 ಎಂಬ ಮಿಶ್ರಲೋಹ. 6061ರ ಫ್ರೇಮನ್ನು ಬೆಸೆದ ಮೇಲೆ ಸುಮಾರು 530 ಡಿಗ್ರಿಗೆ ಕಾಯಿಸಿ, ಫಕ್ಕನೆ ತಣಿಸಿ, ಮತ್ತೆ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಕಮ್ಮಾರ ಕುಡುಗೋಲಿಗೆ ನೀರು ಕುಡಿಸುವ ಹಾಗೆಯೇ ಇದೂ ಒಂದು ಹದ. ಆ ಹದದಲ್ಲೇ ಫ್ರೇಮಿನ ಶಕ್ತಿ ಇದೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಕೊನೆಗೆ ರಿಪೇರಿಯ ವಿಷಯದಲ್ಲಿ ಇದು ಮತ್ತೆ ಬರುತ್ತದೆ.

ಅಲ್ಯೂಮಿನಿಯಂ ಮೇಲಿನ ದೊಡ್ಡ ದೂರು ಅದು ಕುಲುಕುತ್ತದೆ, ರಸ್ತೆಯ ಪ್ರತಿ ಹೊಡೆತವನ್ನೂ ಸೊಂಟಕ್ಕೂ ಅಂಗೈಗೂ ಮುಟ್ಟಿಸುತ್ತದೆ ಎನ್ನುವುದು. ದೂರಿನಲ್ಲಿ ಸುಳ್ಳಿಲ್ಲ, ಆದರೆ ಅಪರಾಧಿ ಬೇರೆ. ಸೈಕಲ್ ಫ್ರೇಮು ತ್ರಿಕೋನಗಳ ಜೋಡಣೆ. ಯಾವ ಲೋಹದಲ್ಲಿ ಮಾಡಿದರೂ ಮೇಲಿನಿಂದ ಕೆಳಕ್ಕೆ ಅದು ಬಾಗುವುದು ಕಣ್ಣಿಗೆ ಕಾಣದಷ್ಟು. ಅದೇ ಹೊಡೆತಕ್ಕೆ ಗಾಳಿ ತುಂಬಿದ ಟೈರು ಹಲವು ಮಿಲಿಮೀಟರ್ ಒಳಕ್ಕೆ ಹೋಗಿ ಬರುತ್ತದೆ. ಒಂದರ ಮೇಲೊಂದು ಇಟ್ಟ ಎರಡು ಸ್ಪ್ರಿಂಗುಗಳಲ್ಲಿ ಮೆತ್ತಗಿರುವುದೇ ಹೊಡೆತ ತಿನ್ನುತ್ತದೆ. ಚಕ್ಕಡಿಯಲ್ಲಿ ಕುಳಿತವರಿಗೆ ಇದು ಗೊತ್ತು: ಕಬ್ಬಿಣದ ಪಟ್ಟಾ ಹೊಡೆದ ಗಾಲಿಯ ಮೇಲೆ ಮರದ ಜಾತಿ ಬದಲಾಯಿಸಿದರೆ ಸುಖ ಸಿಗುವುದಿಲ್ಲ, ಅಡಿಗೆ ನಾಲ್ಕು ಸಿವುಡು ಹುಲ್ಲು ಹಾಕಿದರೆ ಸಿಗುತ್ತದೆ. ಸೈಕಲ್ಲಿನ ಹುಲ್ಲು ಟೈರಿನ ಗಾಳಿ. ಹಳೆಯ ರೋಡ್ ಸೈಕಲ್ಲುಗಳಿಗೆ 23 ಮಿಲಿಮೀಟರ್ ಅಗಲದ ಟೈರು ಬರುತ್ತಿತ್ತು, ಅದರಲ್ಲಿ 100 ಪಿಎಸ್‌ಐ ಆಸುಪಾಸು ಗಾಳಿ ಬೇಕಿತ್ತು. ಟೈರನ್ನು 28ಕ್ಕೆ ಏರಿಸಿದರೆ ಒಳಗಿನ ಗಾಳಿಯ ಜಾಗ ಸುಮಾರು ಒಂದೂವರೆ ಪಟ್ಟಾಗುತ್ತದೆ. 70 ಕಿಲೋ ತೂಗುವ ಸವಾರ ಆಗ 70–75 ಪಿಎಸ್‌ಐ ಇಟ್ಟುಕೊಂಡರೆ ಸಾಕು. ಫ್ರೇಮಿನಲ್ಲಿ ಜಾಗ ಇದ್ದು 32ರ ಟೈರು ಕೂತರೆ ಇನ್ನೂ ಇಳಿಸಬಹುದು. ಗಂಗಾವತಿ–ಕಾರಟಗಿ ರಸ್ತೆಯ ಗೀರುಗಳ ಮೇಲೆ ಈ ಬದಲಾವಣೆ ಕೊಡುವ ಸಮಾಧಾನವನ್ನು ಲಕ್ಷ ರೂಪಾಯಿಯ ಕಾರ್ಬನ್ ಫ್ರೇಮು 23ರ ಟೈರಿನ ಮೇಲೆ ಕೊಡಲಾರದು.

ಅಗಲ ಟೈರು ಹಾಕಿದರೆ ವೇಗ ಕುಗ್ಗುವುದಿಲ್ಲವೇ? ಬಹುಕಾಲ ಎಲ್ಲರೂ ಹಾಗೇ ನಂಬಿದ್ದರು. ವೃತ್ತಿಪರ ರೇಸಿನ ತಂಡಗಳೂ ನಂಬಿದ್ದವು, ಆಮೇಲೆ ಅಳೆದು ನೋಡಿ 23ರಿಂದ 25ಕ್ಕೆ, ಅಲ್ಲಿಂದ 28ಕ್ಕೆ, 30ಕ್ಕೆ ಬಂದವು. ಒರಟು ರಸ್ತೆಯಲ್ಲಿ ಕಲ್ಲಿನಂತೆ ಬಿಗಿದ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತುತ್ತದೆ. ಎತ್ತುವ ಶಕ್ತಿ ಸವಾರನ ಕಾಲಿನಿಂದಲೇ ಹೋಗಬೇಕು. ಸ್ವಲ್ಪ ಮೆತ್ತಗಿರುವ ಟೈರು ಉಬ್ಬನ್ನು ನುಂಗಿ ಮುಂದೆ ಹೋಗುತ್ತದೆ. ಟೈರು ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಒಂದೇ: ಈಗಿನ ಟೈರಿಗೂ ಫ್ರೇಮು, ಫೋರ್ಕು, ಬ್ರೇಕುಗಳಿಗೂ ನಡುವೆ ಎಷ್ಟು ಸಂದಿ ಇದೆ ಎಂದು ನೋಡುವುದು. ಹೊಸ ಟೈರು ಕೂತ ಮೇಲೆ ಸುತ್ತಲೂ ನಾಲ್ಕು ಮಿಲಿಮೀಟರ್ ಉಳಿಯಬೇಕು. ಕೆಸರಿನ ಕಾಲದಲ್ಲಿ ಅದಕ್ಕಿಂತ ಕಡಿಮೆ ಸಂದಿ ಇದ್ದರೆ ಎರೆಮಣ್ಣು ಒಳಗೆ ಕಟ್ಟಿ ಗಾಲಿಯೇ ತಿರುಗುವುದಿಲ್ಲ. ಬೇಸಿಗೆಯ ಮಾತೂ ಇಲ್ಲೇ ಹೇಳಬೇಕು. ಬೆಳಿಗ್ಗೆ ತಂಪಿನಲ್ಲಿ 80 ಪಿಎಸ್‌ಐ ತುಂಬಿದ ಟೈರು ಮಧ್ಯಾಹ್ನದ ಬಿಸಿಲಲ್ಲಿ ನಿಂತು 25 ಡಿಗ್ರಿ ಹೆಚ್ಚು ಕಾದರೆ 88ರ ಹತ್ತಿರ ಹೋಗುತ್ತದೆ. ಅಂಚಿನವರೆಗೆ ತುಂಬುವ ಚಟ ಇರುವವರ ಟ್ಯೂಬು ಕೊಪ್ಪಳ ಸೀಮೆಯ ಬೇಸಿಗೆಯಲ್ಲಿ ಸಿಡಿದರೆ ಆಶ್ಚರ್ಯವಿಲ್ಲ.

ಈಗ ತೂಕದ ವಿಷಯ. ಅಪ್‌ಗ್ರೇಡ್ ಎಂಬ ಮಾತು ಬಂದಾಗಲೆಲ್ಲ ಮೊದಲು ಕೇಳುವುದು ಇದನ್ನೇ: ಎಷ್ಟು ಗ್ರಾಂ ಇಳಿಯಿತು? ಒಂದು ಲೆಕ್ಕ ಮಾಡೋಣ. ಸವಾರ, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಎಂದುಕೊಳ್ಳಿ. ಸಪಾಟು ರಸ್ತೆ, ಗಂಟೆಗೆ 28 ಕಿಲೋಮೀಟರ್ ವೇಗ. ಗಾಳಿಯನ್ನು ಸೀಳಲು ಸುಮಾರು 95 ವಾಟ್ ಹೋಗುತ್ತದೆ. ಟೈರು ಉರುಳುವಾಗ ಆಗುವ ನಷ್ಟಕ್ಕೆ ಸುಮಾರು 35 ವಾಟ್. ಸೈಕಲ್ಲಿನಿಂದ ಒಂದೂವರೆ ಕಿಲೋ ಇಳಿಸಿದಿರಿ ಎನ್ನೋಣ. ಇಷ್ಟು ಇಳಿಸಲು ಹೊಸ ಚಕ್ರ, ಕಾರ್ಬನ್ ಸೀಟ್‌ಪೋಸ್ಟ್, ಕಾರ್ಬನ್ ಹ್ಯಾಂಡಲ್, ದುಬಾರಿ ಗೇರು ಎಲ್ಲ ಬೇಕು. ಸೈಕಲ್ಲಿನ ಬೆಲೆಯನ್ನು ಮೀರಿ ಖರ್ಚು. ಉಳಿಯುವುದು ಒಂದು ವಾಟ್‌ಗಿಂತ ಕಡಿಮೆ. ಅದೇ ಸೈಕಲ್ಲಿಗೆ ಕಂಪನಿಯಿಂದ ಬಂದ ದಪ್ಪ ರಬ್ಬರಿನ, ಒರಟು ತಂತಿಯಂಚಿನ ಟೈರು ತೆಗೆದು ನಯವಾದ ಒಳ್ಳೆಯ ಟೈರು ಹಾಕಿದರೆ ಹತ್ತು ಹದಿನೈದು ವಾಟ್ ಉಳಿಯಬಹುದು. ಗಾಳಿಯ ತಡೆಯಲ್ಲಿ ಮುಕ್ಕಾಲು ಪಾಲು ಸವಾರನ ಮೈಯದೇ. ಮೊಣಕೈ ಸ್ವಲ್ಪ ಮಡಚಿ, ಬೆನ್ನು ಸ್ವಲ್ಪ ಬಗ್ಗಿಸಿ ನೆಮ್ಮದಿಯಿಂದ ಒಂದು ಗಂಟೆ ಕೂರಲು ಬಂದರೆ ಆಗುವ ಉಳಿತಾಯ ಅಂಗಡಿಯಲ್ಲಿ ಸಿಗುವ ಯಾವ ಹಗುರ ಸಾಮಾನಿಗಿಂತಲೂ ದೊಡ್ಡದು. ಹಾಗೆ ಕೂರಲು ಬೇಕಾದದ್ದು ಸರಿಯಾದ ಅಳತೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ತಂದಾಗ ಕಾಲು ನೆಟ್ಟಗಾಗುವಷ್ಟು ಸೀಟಿನ ಎತ್ತರ. ಹ್ಯಾಂಡಲ್ ದೂರವಾಯಿತು ಎನಿಸಿದರೆ ಅದನ್ನು ಹಿಡಿದಿಡುವ ಸ್ಟೆಮ್ ಗಿಡ್ಡದು. ಬೆವರಿಗೆ ಜಾರದ ದಪ್ಪ ಹ್ಯಾಂಡಲ್ ಟೇಪು. ಇವೆಲ್ಲ ಸೇರಿದರೂ ಒಂದು ಕಾರ್ಬನ್ ಸೀಟ್‌ಪೋಸ್ಟಿನ ಬೆಲೆ ಆಗಲಾರದು.

ತೂಕ ಲೆಕ್ಕಕ್ಕೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಏರು ಹತ್ತುವಾಗ ಪ್ರತಿ ಕಿಲೋಗೂ ಬೆಲೆ ಇದೆ. 80 ಕಿಲೋದಲ್ಲಿ ಒಂದೂವರೆ ಕಿಲೋ ಇಳಿದರೆ ಹತ್ತು ನಿಮಿಷದ ಕಡಿದಾದ ಏರಿನಲ್ಲಿ ಹತ್ತು ಹನ್ನೊಂದು ಸೆಕೆಂಡು ಉಳಿಯುತ್ತದೆ. 2008ರಿಂದ ನಡೆಯುತ್ತ ಬಂದಿರುವ ಟೂರ್ ಆಫ್ ನೀಲಗಿರೀಸ್‌ನಂಥ ಯಾತ್ರೆಯಲ್ಲಿ, ಮಸಿನಗುಡಿಯಿಂದ ಊಟಿಗೆ 36 ತಿರುವುಗಳ ಕಲ್ಹಟ್ಟಿ ಘಾಟಿ ಹತ್ತುವವರು ಗ್ರಾಂ ಲೆಕ್ಕ ಹಾಕಿದರೆ ಅದಕ್ಕೆ ಅರ್ಥವಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರ ಮಾತೂ ಬೇರೆ. ಉತ್ತರ ಕರ್ನಾಟಕದ ಈ ಎರಡು ಜಿಲ್ಲೆಗಳು ಸೈಕಲ್ ಸ್ಪರ್ಧೆಗೆ ಹೆಸರಾದವು. ಜಾತ್ರೆಯ ಪಂದ್ಯದಿಂದ ರಾಷ್ಟ್ರಮಟ್ಟದವರೆಗೆ ಇಲ್ಲಿಯವರು ಓಡಿಸಿದ್ದಾರೆ, ಆ ಬಲದ ಮೇಲೆ ರೈಲ್ವೆಯಲ್ಲಿ, ಸೇನೆಯಲ್ಲಿ ನೌಕರಿ ಹಿಡಿದಿದ್ದಾರೆ. ಸೆಕೆಂಡಿನ ಅಂತರದಲ್ಲಿ ಪದಕ ಕೈತಪ್ಪುವ ಟೈಮ್ ಟ್ರಯಲ್‌ಗೆ ಗಾಳಿ ಸೀಳುವ ಕಾರ್ಬನ್ ಸೈಕಲ್ಲು ಬೇಕೇ ಬೇಕು, ಅದನ್ನು ಸರ್ಕಾರವೋ ಸಂಸ್ಥೆಯೋ ಕೊಡಿಸಬೇಕು. ಆದರೆ ಅಂಥ ಕ್ರೀಡಾಪಟುವಿನ ಅಭ್ಯಾಸದ ಸೈಕಲ್ಲು, ಇನ್ನೂ ಕಲಿಯುತ್ತಿರುವ ಹದಿನಾಲ್ಕರ ಹುಡುಗಿಯ ಸೈಕಲ್ಲು ಅಲ್ಯೂಮಿನಿಯಂ ಇದ್ದರೇ ಲೇಸು. ಕಲಿಯುವಾಗ ಬೀಳುವುದು ಖಂಡಿತ. ಬಿದ್ದ ಕಾರ್ಬನ್ ಫ್ರೇಮು ಹೊರಗೆ ಚೆಂದ ಕಾಣುತ್ತ ಒಳಪದರದಲ್ಲಿ ಬಿಟ್ಟುಕೊಂಡಿರಬಹುದು. ಅಲ್ಯೂಮಿನಿಯಂ ಪೆಟ್ಟು ತಿಂದರೆ ತಗ್ಗು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ.

ಸಿದ್ದಾಪುರದ ಸವಾರನ ನಿಜವಾದ ಶತ್ರುಗಳು ಮುಳ್ಳು ಮತ್ತು ಬೂದಿ. ಬಳ್ಳಾರಿ ಜಾಲಿಯ ಒಣ ಮುಳ್ಳು ದಪ್ಪ ಚಪ್ಪಲಿಯನ್ನೇ ದಾಟಿ ಕಾಲಿಗೆ ಇಳಿಯುತ್ತದೆ, ಟೈರು ಯಾವ ಲೆಕ್ಕ. ಹೊಸ ಟೈರು ತೆಗೆದುಕೊಳ್ಳುವಾಗ ರಬ್ಬರಿನ ಅಡಿಗೆ ಗಟ್ಟಿ ನೂಲಿನ ಪಟ್ಟಿ ಇರುವುದನ್ನೇ ಕೇಳಿ ತೆಗೆದುಕೊಳ್ಳಬೇಕು. ಸ್ವಲ್ಪ ಭಾರ ಆದರೂ ಪರವಾಗಿಲ್ಲ, ಮೇಲಿನ ಲೆಕ್ಕ ನೋಡಿದ ಮೇಲೆ ಆ ಭಾರಕ್ಕೆ ಹೆದರಬೇಕಿಲ್ಲ. ಇನ್ನೊಂದು ತೊಡಕು ವಾಲ್‌ನದು. ರೋಡ್ ಸೈಕಲ್ಲಿನ ಟ್ಯೂಬಿಗೆ ಇರುವುದು ಪ್ರೆಸ್ಟಾ ಎಂಬ ಕಡ್ಡಿಯಂಥ ತೆಳು ವಾಲ್. ನಮ್ಮ ಸೈಕಲ್ ಶಾಪಿನ ಪಂಪಿಗೂ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೂ ಅದು ಹೊಂದುವುದಿಲ್ಲ. ಉಗುರಿನಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರ್ ಒಂದಿದೆ: ವಾಲ್‌ನ ತುದಿಯ ತಿರುಪು ಸಡಿಲಿಸಿ ಇದನ್ನು ಕೂರಿಸಿದರೆ ಮೋಟಾರ್ ಸೈಕಲ್ಲಿಗೆ ಗಾಳಿ ಹೊಡೆಯುವ ಯಾವ ಅಂಗಡಿಯಲ್ಲಾದರೂ ಗಾಳಿ ಹೊಡೆಸಬಹುದು. ಸೀಟಿನ ಚೀಲದಲ್ಲಿ ಅದು, ಎರಡು ಟ್ಯೂಬು, ಟೈರು ಬಿಚ್ಚುವ ಎರಡು ಪ್ಲಾಸ್ಟಿಕ್ ಪಟ್ಟಿ, ಕೈಪಂಪು ಇದ್ದರೆ ಕಾಲುವೆ ಏರಿಯ ಮೇಲೆ ಒಬ್ಬರೇ ಸಿಕ್ಕಿಬಿದ್ದರೂ ಮನೆ ಸೇರಬಹುದು. ಟ್ಯೂಬು ಬದಲಿಸುವ ಮೊದಲು ಟೈರಿನ ಒಳಮೈಯನ್ನು ಬೆರಳಿಂದ ಮೆಲ್ಲಗೆ ಸವರಿ ನೋಡಬೇಕು. ಮುರಿದ ಮುಳ್ಳಿನ ತುದಿ ಅಲ್ಲೇ ಕೂತಿರುತ್ತದೆ, ಅದನ್ನು ಕೀಳದೆ ಹಾಕಿದ ಹೊಸ ಟ್ಯೂಬು ಒಂದು ಮೈಲಿ ಬಾಳುವುದಿಲ್ಲ.

ಬೂದಿಯ ಕಥೆ ಇನ್ನೂ ಸೂಕ್ಷ್ಮ. ಗಂಗಾವತಿ, ಕಾರಟಗಿ ಸುತ್ತ ಭತ್ತ ಕುದಿಸುವ ಮಿಲ್ಲುಗಳ ಬಾಯ್ಲರಿಗೆ ಉರುವಲು ಭತ್ತದ ಹೊಟ್ಟು. ಹೊಟ್ಟು ಸುಟ್ಟರೆ ಉಳಿಯುವ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಸತ್ವ. ಗಾಳಿಗೆ ಹಾರಿ ರಸ್ತೆಗೆ ಬೀಳುವ ಈ ನುಣುಪು ಪುಡಿ ಎಣ್ಣೆ ಹಚ್ಚಿದ ಚೈನಿಗೆ ಅಂಟಿದರೆ ಸಾಣೆ ಹಿಡಿಯುವ ಪೇಸ್ಟೇ ಆಗುತ್ತದೆ. ಹಳೆಯ ಎಂಜಿನ್ ಆಯಿಲ್ ಸುರಿಯುವ ನಮ್ಮ ರೂಢಿ ಇಲ್ಲಿ ತುಂಬ ಹಾನಿ ಮಾಡುತ್ತದೆ. ಚೈನನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು ಪೂರಾ ಒಣಗಿಸಿ, ತೆಳುವಾದ ಎಣ್ಣೆಯನ್ನು ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಮೇಲಿನದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ, ಹೊರಗಲ್ಲ. ಬೇಸಿಗೆಯ ಧೂಳಿಗೆ ಇನ್ನೂ ಒಳ್ಳೆಯದು ಮೇಣ. ಶುದ್ಧ ಪ್ಯಾರಾಫಿನ್ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ (ನೇರ ಉರಿಯ ಮೇಲೆ ಇಟ್ಟರೆ ಹೊತ್ತಿಕೊಳ್ಳುತ್ತದೆ) ಚೊಕ್ಕಟ ತೊಳೆದ ಚೈನನ್ನು ಅದರಲ್ಲಿ ಅದ್ದಿ ತೆಗೆದರೆ ಕೊಂಡಿಗಳ ಒಳಗೆ ಮೇಣ ಗಟ್ಟಿಯಾಗಿ ಕೂರುತ್ತದೆ, ಧೂಳು ಅಂಟುವುದಿಲ್ಲ. ಮಳೆಗಾಲಕ್ಕೆ ಮಾತ್ರ ಮೇಣ ಸಾಲದು, ತುಕ್ಕು ಬೇಗ ಬರುತ್ತದೆ. ಚೈನು ಸವೆದಿದೆಯೇ ಎಂದು ನೋಡಲು ದುಬಾರಿ ಸಾಧನ ಬೇಕಿಲ್ಲ, ಶಾಲೆಯ ಸ್ಟೀಲ್ ಸ್ಕೇಲು ಸಾಕು. ಹೊಸ ಚೈನಿನ ಒಂದು ಪಿನ್ನಿನಿಂದ, ಅದನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೆಯ ಪಿನ್ನಿಗೆ ಸರಿಯಾಗಿ 12 ಇಂಚು. ಅದು ಒಂದೂವರೆ ಮಿಲಿಮೀಟರ್ ಮುಂದೆ ಸರಿದಿದ್ದರೆ ಚೈನು ಬದಲಿಸುವ ಹೊತ್ತಾಗಿದೆ. ತಡಮಾಡಿ ಮೂರು ಮಿಲಿಮೀಟರ್‌ವರೆಗೆ ಬಿಟ್ಟರೆ ಅದು ಹಿಂದಿನ ಗೇರಿನ ಹಲ್ಲುಗಳನ್ನೂ ತನ್ನ ಆಕಾರಕ್ಕೆ ತಿಂದಿರುತ್ತದೆ, ಆಮೇಲೆ ಎರಡನ್ನೂ ಬದಲಿಸಬೇಕು. ಅಪ್‌ಗ್ರೇಡಿಗೆಂದು ಇಟ್ಟ ಹಣದಲ್ಲಿ ವರ್ಷಕ್ಕೆ ಒಂದೆರಡು ಚೈನು ಕೊಳ್ಳುವುದನ್ನು ನಾನು ಮೊದಲ ಸಾಲಿನಲ್ಲಿ ಬರೆಯುತ್ತೇನೆ.

ಗೇರಿನ ಆಸೆಯ ಬಗ್ಗೆ ಎರಡು ಮಾತು ಸಾಕು. ಶಿಮಾನೊ ಕಂಪನಿಯ ಸರಣಿಯಲ್ಲಿ ಕ್ಲಾರಿಸ್ ಎಂಬುದು ಹಿಂದೆ 8 ಗೇರಿನದು, ಸೋರಾ 9ರದು, ಟಿಯಾಗ್ರಾ 10ರದು, 105 ಎಂಬುದು 11 ಅಥವಾ 12ರದು. 8ರಿಂದ 11ಕ್ಕೆ ಹೋಗಬೇಕು ಎನ್ನುವವರು ಲಿವರ್, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್, ಚೈನು, ಹಿಂದಿನ ಗೇರು ಎಲ್ಲ ಬದಲಿಸಬೇಕು. ಹಳೆಯ ಹಬ್ ಮೇಲೆ 11ರ ಗೇರು ಕೂರಲು 1.85 ಮಿಲಿಮೀಟರ್ ಜಾಗ ಕಡಿಮೆ ಬೀಳುವುದರಿಂದ ಬಹಳ ಸಲ ಹಿಂದಿನ ಗಾಲಿಯೂ ಹೋಗುತ್ತದೆ. ಮಾಡಿ ಮುಗಿಸಿದ ಮೇಲೆ ಸಿಗುವುದೇನು? ಸಪಾಟು ರಸ್ತೆಯಲ್ಲಿ ಗಂಟೆಗೆ 26ರಿಂದ 31 ಕಿಲೋಮೀಟರ್ ಓಡುವವರು ಮುಂದೆ 50 ಹಲ್ಲು, ಹಿಂದೆ 17–19 ಹಲ್ಲುಗಳ ಆಸುಪಾಸಿನಲ್ಲೇ ದಿನ ಕಳೆಯುತ್ತಾರೆ. ಉಳಿದ ಗೇರುಗಳು ಸುಮ್ಮನೆ ತಿರುಗುತ್ತವೆ. ಅದರ ಬದಲು ತುಕ್ಕು ಹಿಡಿದ ಗೇರ್ ಕೇಬಲ್ಲು, ಅದರ ಹೊರಕವಚ ಬದಲಿಸಿದರೆ ಹಳೆಯ ಕ್ಲಾರಿಸ್ ಕೂಡ ಹೊಸದರ ಹಾಗೆ ಕಟಕ್ಕೆಂದು ಬೀಳುತ್ತದೆ. ಬ್ರೇಕಿನದೂ ಇದೇ ಕಥೆ. ರಿಮ್ ಹಿಡಿಯುವ ಬ್ರೇಕಿದ್ದರೆ ಒಳ್ಳೆಯ ರಬ್ಬರ್ ಬ್ಲಾಕು ಹಾಕಿಸಿ, ಕೆಸರಿನ ದಿನಗಳಲ್ಲಿ ಬ್ಲಾಕಿನೊಳಗೆ ಹೂತ ಕಲ್ಲಿನ ಚೂರು, ರಿಮ್ಮಿನಿಂದ ಎದ್ದ ಅಲ್ಯೂಮಿನಿಯಂ ತುಣುಕುಗಳನ್ನು ಸೂಜಿಯಿಂದ ಕಿತ್ತು ಹಾಕಿದರೆ ಬ್ರೇಕು ಬಿಗಿ ಹಿಡಿಯುತ್ತದೆ, ರಿಮ್ಮೂ ಉಳಿಯುತ್ತದೆ. ಡಿಸ್ಕ್ ಬ್ರೇಕಿಗೆ ಜಾಗವೇ ಇಲ್ಲದ ಫ್ರೇಮಿಗೆ ಬೆಸೆದು ಜಾಗ ಮಾಡಿಸುವ ಯೋಚನೆ ಅಪಾಯದ್ದು.

ಗಾಲಿಯ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಬೇರೆ. ಕಂಪನಿಯ ಗಾಲಿ ಭಾರ ಎಂದು ಕಿತ್ತು ಇಪ್ಪತ್ತೇ ಕಡ್ಡಿಯ ಹಗುರ ಗಾಲಿ ಹಾಕುವವರಿದ್ದಾರೆ. ಈ ಭಾಗದ ತಗ್ಗುಗಳಿಗೆ 28 ಅಥವಾ 32 ಕಡ್ಡಿಯ ಗಾಲಿಯೇ ವಾಸಿ. ಒಂದು ಕಡ್ಡಿ ಮುರಿದರೂ ಉಳಿದವು ಮನೆಯವರೆಗೆ ಹೊರುತ್ತವೆ. ಗಾಲಿಯ ಔಟ್ ತೆಗೆಯುವ ಕೈ ಈಗಲೂ ನಮ್ಮ ಹಳೆಯ ಸೈಕಲ್ ಶಾಪುಗಳಲ್ಲಿ ಇದೆ. ಕಡ್ಡಿಯನ್ನು ಎರಡೆರಡಾಗಿ ಹಿಸುಕಿ, ಮೀಟಿ ಸದ್ದು ಕೇಳಿ ಎಲ್ಲಿ ಸಡಿಲ ಎಂದು ಹೇಳುವ ಮಿಸ್ತ್ರಿಗಳು ರೋಡ್ ಸೈಕಲ್ಲಿನ ಗಾಲಿಯನ್ನೂ ಅಷ್ಟೇ ನೇರ ಮಾಡಬಲ್ಲರು. ವರ್ಷಕ್ಕೊಮ್ಮೆ ಓವರಾಯಿಲಿಂಗ್ ಮಾಡಿಸಿ ಹಬ್ಬಿನ ಗುಂಡುಗಳಿಗೆ ಹೊಸ ಗ್ರೀಸು ತುಂಬಿಸಬೇಕು. ಆ ಕೆಲಸ ಅವರಿಗೆ ಹೊಸದೂ ಅಲ್ಲ.

ಇನ್ನು ಗಂಭೀರವಾದ ಆಕ್ಷೇಪ ಎರಡು. ಒಂದು, ಬಿಡಿಭಾಗಕ್ಕೆ ಸ್ವಲ್ಪ ಸ್ವಲ್ಪ ಸುರಿಯುವ ಬದಲು ಮೊದಲೇ ಒಳ್ಳೆಯ ಸೈಕಲ್ ಕೊಳ್ಳಬಾರದೇಕೆ ಎನ್ನುವುದು. ಗೇರು, ಗಾಲಿ, ಹ್ಯಾಂಡಲ್ ಎಲ್ಲ ಬದಲಿಸುವ ಯೋಚನೆ ಇದ್ದರೆ ಈ ಮಾತು ನೂರಕ್ಕೆ ನೂರು ನಿಜ. ಬಿಡಿಯಾಗಿ ಕೊಂಡ ಸಾಮಾನು ಇಡೀ ಸೈಕಲ್ಲಿನ ಜೊತೆ ಬರುವ ಸಾಮಾನಿಗಿಂತ ಯಾವಾಗಲೂ ತುಟ್ಟಿ. ಕೊಳ್ಳುವ ಮುನ್ನವೇ ಅಗಲ ಟೈರಿಗೆ ಜಾಗ ಇರುವ, ಡಿಸ್ಕ್ ಬ್ರೇಕಿನ, ಮೈ ಅಳತೆಗೆ ಸರಿಯಾದ ಫ್ರೇಮನ್ನು ಆರಿಸಿಕೊಂಡರೆ ಮುಂದೆ ಬದಲಿಸುವುದೇ ಕಡಿಮೆ. ನಾನು ಮೇಲೆ ಹೇಳಿದ ಟೈರು, ಚೈನು, ಕೇಬಲ್ಲು, ಬ್ಲಾಕುಗಳು ಮಾತ್ರ ಎಷ್ಟೇ ದುಬಾರಿ ಸೈಕಲ್ ಕೊಂಡರೂ ಸವೆಯುವ ಸಾಮಾನುಗಳು. ಸವೆದಾಗ ಹೇಗೂ ಕೊಳ್ಳಬೇಕಾದದ್ದನ್ನು ರಸ್ತೆ ನೋಡಿ ಕೊಳ್ಳಿ ಎಂಬುದಷ್ಟೇ ನನ್ನ ವಾದ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಉಕ್ಕಿನ ಸೈಕಲ್ಲು ಮುರಿದರೆ ಊರಿನ ವೆಲ್ಡಿಂಗ್ ಶಾಪಿನಲ್ಲಿ ಬೆಸೆಸಿಕೊಂಡು ಸಂಜೆಗೆ ಮನೆಗೆ ಬರಬಹುದು, ಅಲ್ಯೂಮಿನಿಯಂ ಮುರಿದರೆ ಏನು ಗತಿ? ಗೇಟು, ಟ್ರಾಲಿ ಬೆಸೆಯುವ ಸಾಮಾನ್ಯ ವೆಲ್ಡಿಂಗಿನಿಂದ ಇದು ಸಾಧ್ಯವಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಅಲ್ಯೂಮಿನಿಯಂ ಕಾದರೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, 600 ಡಿಗ್ರಿಯ ಹತ್ತಿರ ಒಮ್ಮೆಲೇ ಕರಗಿ ಕುಸಿಯುತ್ತದೆ. ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಆರ್ಗಾನ್ ಅನಿಲದ ವೆಲ್ಡಿಂಗಿನಲ್ಲಿ ನಿಪುಣರು ಬೆಸೆದರೂ, ಆಗಲೇ ಹೇಳಿದ ಹದ ಆ ಜಾಗದಲ್ಲಿ ಹೋಗಿರುತ್ತದೆ. ಮತ್ತೆ ಕುಲುಮೆಗೆ ಹಾಕದೆ ಆ ಶಕ್ತಿ ಬರುವುದಿಲ್ಲ. ಇದರ ಜೊತೆಗೆ ಇನ್ನೊಂದು ಗುಣ: ಉಕ್ಕಿಗೆ ಒಂದು ಮಿತಿಯೊಳಗಿನ ಬಳುಕಾಟ ಎಷ್ಟು ಸಲವಾದರೂ ತಾಳುವ ಶಕ್ತಿ ಇದೆ, ಅಲ್ಯೂಮಿನಿಯಂಗೆ ಆ ಮಿತಿ ಇಲ್ಲ, ಚಿಕ್ಕ ಬಳುಕಾಟವೂ ಎಲ್ಲೋ ಲೆಕ್ಕಕ್ಕೆ ಸೇರುತ್ತಿರುತ್ತದೆ. ಫ್ರೇಮು ಮಾಡುವವರಿಗೆ ಇದು ಗೊತ್ತಿರುವುದರಿಂದಲೇ ಕೊಳವೆ ಅಗಲ ಮಾಡಿ ಬಳುಕಾಟವನ್ನೇ ತೀರ ಕಡಿಮೆ ಮಾಡುತ್ತಾರೆ. ಅಂತರರಾಷ್ಟ್ರೀಯ ಮಾನದಂಡದಂತೆ ಪೆಡಲ್ ಮೇಲೆ ನೂರು ಕಿಲೋಗೂ ಮಿಕ್ಕಿದ ಒತ್ತಡವನ್ನು ಒಂದು ಲಕ್ಷ ಸಲ ಹಾಕಿ ಫ್ರೇಮನ್ನು ಪರೀಕ್ಷಿಸುತ್ತಾರೆ. ದಿನನಿತ್ಯದ ಸವಾರಿಯಲ್ಲಿ ಅಷ್ಟು ಜೋರಾಗಿ ತುಳಿಯುವುದು ಅಪರೂಪ. ಹಾಗಾಗಿ ಸರಿಯಾಗಿ ಮಾಡಿದ ಅಲ್ಯೂಮಿನಿಯಂ ಫ್ರೇಮು ಸಾಮಾನ್ಯ ಸವಾರನಿಗೆ ವರ್ಷಾನುಗಟ್ಟಲೆ ಬರುತ್ತದೆ. ಹಿಂದೆ ಗೊಬ್ಬರದ ಚೀಲ ಹೇರುವ ಕೆಲಸಕ್ಕೆ ಅದನ್ನು ಬಳಸಬಾರದು ಅಷ್ಟೇ. ಆ ಕೆಲಸಕ್ಕೆ ಉಕ್ಕಿನ ಸೈಕಲ್ಲೇ ದೊಡ್ಡದು, ಅದರ ಗೌರವ ಅದಕ್ಕಿರಲಿ.

ರಿಪೇರಿ ಇಲ್ಲದ ಲೋಹಕ್ಕೆ ಮದ್ದು ತಿಂಗಳಿಗೊಮ್ಮೆ ಹದಿನೈದು ನಿಮಿಷದ ತಪಾಸಣೆ. ಫ್ರೇಮನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆಳಗಿನ ಓರೆ ಬಿಸಿಲಿಗೆ ಹಿಡಿದು, ಹ್ಯಾಂಡಲ್ ಕೆಳಗಿನ ಬೆಸುಗೆ, ಪೆಡಲ್ ಸುತ್ತಿನ ಬೆಸುಗೆ, ಹಿಂದಿನ ಗಾಲಿ ಕೂರುವ ಜಾಗ ನೋಡಬೇಕು. ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಂಡರೆ ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಂಡರೆ ಆ ಸೈಕಲ್ಲನ್ನು ಮತ್ತೆ ಹತ್ತಬೇಡಿ. ಸೀಟ್‌ಪೋಸ್ಟನ್ನು ಮೂರು ತಿಂಗಳಿಗೊಮ್ಮೆ ಹೊರತೆಗೆದು ಒರೆಸಿ ಗ್ರೀಸು ಹಚ್ಚಬೇಕು. ಬೆವರಿನ ಉಪ್ಪು ಒಳಗಿಳಿದರೆ ಲೋಹಗಳು ಒಂದನ್ನೊಂದು ಕಚ್ಚಿಕೊಂಡು ಆಮೇಲೆ ಎಳೆದರೂ ಬರುವುದಿಲ್ಲ. ಇದೆಲ್ಲಕ್ಕಿಂತ ಮೊದಲು, ಸೈಕಲ್ ಕೊಂಡ ದಿನವೇ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಬೇಕಾದ ಒಂದು ಸಾಮಾನಿದೆ, ಅದರ ಹೆಸರು ಹ್ಯಾಂಗರ್. ಹಿಂದಿನ ಡಿರೇಲರ್ ನೇತಾಡುವುದು ಬೆರಳುದ್ದದ ಈ ಅಲ್ಯೂಮಿನಿಯಂ ತುಂಡಿನಿಂದ. ಸೈಕಲ್ಲು ಬಲಕ್ಕೆ ಬಿದ್ದರೆ, ಅಥವಾ ರಸ್ತೆಯ ಭತ್ತದ ಹುಲ್ಲು ಚೈನಿಗೆ ಸುತ್ತಿ ಡಿರೇಲರನ್ನು ಎಳೆದರೆ, ಫ್ರೇಮು ಉಳಿಯಲೆಂದೇ ತಾನು ಬಾಗಿ ಮುರಿಯುವ ಹಾಗೆ ಅದನ್ನು ಮಾಡಿರುತ್ತಾರೆ. ಒಂದೊಂದು ಕಂಪನಿಯದು ಒಂದೊಂದು ಆಕಾರ, ಒಂದಕ್ಕೆ ಇನ್ನೊಂದು ಹೊಂದುವುದಿಲ್ಲ, ಗಂಗಾವತಿಯಲ್ಲಿ ಹುಡುಕಿದರೆ ಸಿಗುವ ಭರವಸೆಯೂ ಇಲ್ಲ. ಹೊಸ ಮಾದರಿ ಬಂದು ಹಳೆಯದರ ಹ್ಯಾಂಗರ್ ತಯಾರಿ ನಿಂತರೆ, ಗಟ್ಟಿಮುಟ್ಟಾದ ಫ್ರೇಮೊಂದು ಬೆರಳುದ್ದದ ಆ ತುಂಡಿಗಾಗಿ ಮೂಲೆ ಸೇರುತ್ತದೆ. ಎರಡು ಹ್ಯಾಂಗರ್ ಕೊಂಡು, ಒಂದನ್ನು ಸೀಟಿನ ಚೀಲದಲ್ಲಿ ಅಡಾಪ್ಟರಿನ ಪಕ್ಕ ಇಡಿ, ಇನ್ನೊಂದನ್ನು ಮನೆಯಲ್ಲಿ ಸೈಕಲ್ಲಿನ ರಸೀದಿಯ ಜೊತೆ ಕಟ್ಟಿಡಿ.